ನಕ್ಷತ್ರ ಹಂಚುವವರ ಲೆಕ್ಕ

ಪುಸ್ತಕಕ್ಕೆ ವಿಮರ್ಶೆಯುಂಟು, ನಾಟಕಕ್ಕೆ, ಚಲನಚಿತ್ರಕ್ಕೆ, ಸಂಗೀತ ಕಚೇರಿಗೆ ವಿಮರ್ಶೆಯುಂಟು. ಈ ವಿಮರ್ಶಕರು ಹೊಗಳಲಿ ತೆಗಳಲಿ, ಅವರ ಮಾತನ್ನು ನಂಬಿ ಹೋದವನಿಗೆ ಆಗುವ ನಷ್ಟ ಹೆಚ್ಚೆಂದರೆ ಒಂದು ಟಿಕೆಟ್ಟಿನ ಹಣ ಮತ್ತು ಒಂದು ಸಂಜೆ. ಕಳೆದ ಎರಡು ದಶಕಗಳಲ್ಲಿ ಈ ಪಂಕ್ತಿಯಲ್ಲಿ ಹೊಸದೊಂದು ಜಾತಿಯ ವಿಮರ್ಶೆ ಬಂದು ಕುಳಿತಿದೆ. ಅದು ಜೂಜಿನ ಯಂತ್ರದ ವಿಮರ್ಶೆ. ಅಂತರಜಾಲದ ಕ್ಯಾಸಿನೊಗಳಲ್ಲಿ ಆಡಲು ದೊರೆಯುವ ಸ್ಲಾಟ್ ಆಟಗಳನ್ನು ಒಂದೊಂದಾಗಿ ಎತ್ತಿಕೊಂಡು, ಗುಣದೋಷಗಳನ್ನು ವಿವೇಚಿಸಿ, ಐದಕ್ಕೆ ಇಷ್ಟು ನಕ್ಷತ್ರ ಅಥವಾ ಹತ್ತಕ್ಕೆ ಇಷ್ಟು ಅಂಕ ಎಂದು ತೀರ್ಪು ಕೊಡುವ ಬರಹಗಾರರು ಇಂದು ಇಂಗ್ಲೆಂಡಿನಲ್ಲಿ, ಯೂರೋಪಿನಲ್ಲಿ, ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ.

ಇಂತಹ ವಿಮರ್ಶೆಯ ಅಚ್ಚು ಬಹುಮಟ್ಟಿಗೆ ಒಂದೇ. ಮೊದಲಿಗೆ ಆಟದ ಕಥಾವಸ್ತು: ಈಜಿಪ್ಟಿನ ಗೋರಿಗಳೋ, ಅಮೆಜಾನಿನ ಕಾಡೋ, ಹೊಳೆಯುವ ರತ್ನಗಳೋ. ಆಮೇಲೆ ಚಿತ್ರಗಳ ಅಂದ, ಸಂಗೀತದ ಇಂಪು, ನಡುನಡುವೆ ಸಿಗುವ ಉಚಿತ ಸುತ್ತುಗಳ ಸೊಗಸು. ಆ ಬಳಿಕ ಒಂದು ಪಟ್ಟಿ. ಅದರಲ್ಲಿ ಆಟದ ಆರ್.ಟಿ.ಪಿ. ನೂರಕ್ಕೆ ಇಷ್ಟು, ಏರಿಳಿತದ ಸ್ವಭಾವ ಇಂಥದು, ಗರಿಷ್ಠ ಗೆಲುವು ಪಣದ ಇಷ್ಟು ಪಟ್ಟು ಎಂಬ ಅಂಕಿಗಳು. ಕೊನೆಗೆ ನಕ್ಷತ್ರಗಳು. ನಕ್ಷತ್ರಗಳ ಕೆಳಗೆ ಹಸುರು ಬಣ್ಣದ್ದೋ ಕಿತ್ತಳೆ ಬಣ್ಣದ್ದೋ ಒಂದು ಗುಂಡಿ: ‘ಇಲ್ಲಿ ಆಡಿರಿ’. ಪುಸ್ತಕ ವಿಮರ್ಶೆಯ ಕೆಳಗೆ ಪ್ರಕಾಶಕರ ವಿಳಾಸವಿರುವುದು ಹೊಸತೇನಲ್ಲ. ಆದರೆ ಈ ಗುಂಡಿಯ ಸಂಗತಿ ಬೇರೆ. ಅದನ್ನು ಮುಂದೆ ನೋಡಬಹುದು.

ಮೊದಲು ಆ ಆಟ ಎಂಥದೆಂದು ತಿಳಿಯಬೇಕು. ಬವೇರಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಚಾರ್ಲ್ಸ್ ಫೇ ಎಂಬ ಕುಶಲಕರ್ಮಿ ೧೮೯೦ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ‘ಲಿಬರ್ಟಿ ಬೆಲ್’ ಎಂಬ ಯಂತ್ರವನ್ನು ನಿರ್ಮಿಸಿದನು. ಬಿಲದಲ್ಲಿ ನಾಣ್ಯ ಹಾಕಿ ಹಿಡಿಯನ್ನು ಎಳೆದರೆ ಮೂರು ಉರುಳೆಗಳು ಗಿರ್ರನೆ ಸುತ್ತಿ ಒಂದೊಂದಾಗಿ ನಿಲ್ಲುವುವು. ಮೂರರಲ್ಲಿಯೂ ಗಂಟೆಯ ಚಿತ್ರ ಬಂದರೆ ಅತಿ ದೊಡ್ಡ ಬಹುಮಾನ. ಅದು ಐವತ್ತು ಸೆಂಟು, ಎಂದರೆ ಹತ್ತು ನಾಣ್ಯ. ಒಂದು ಉರುಳೆಯಲ್ಲಿ ಹತ್ತು ಚಿತ್ರಗಳಿದ್ದರೆ ಮೂರು ಉರುಳೆಗಳಿಂದ ಆಗಬಹುದಾದ ಜೋಡಣೆಗಳು ಒಂದು ಸಾವಿರ. ತಾಳ್ಮೆಯುಳ್ಳವನು ಯಂತ್ರದ ಮುಂದೆ ನಿಂತು ಚಿತ್ರಗಳನ್ನು ಎಣಿಸಿ, ತನ್ನ ಗೆಲುವಿನ ಸಂಭವವೆಷ್ಟೆಂದು ತಾನೇ ಲೆಕ್ಕ ಹಾಕಬಹುದಾಗಿತ್ತು. ವಿಮರ್ಶಕನ ಹಂಗು ಬೇಕಾಗಿರಲಿಲ್ಲ.

ಈ ಸೌಲಭ್ಯವನ್ನು ಇಲ್ಲವಾಗಿಸಿದ್ದು ೧೯೮೪ರ ಒಂದು ಪೇಟೆಂಟು. ನಾರ್ವೆ ಮೂಲದ ಇಂಗೆ ಟೆಲ್ನೆಸ್ ಎಂಬಾತನು, ಉರುಳೆ ಎಲ್ಲಿ ನಿಲ್ಲಬೇಕೆಂಬುದನ್ನು ಕಂಪ್ಯೂಟರು ಹುಟ್ಟಿಸುವ ಯಾದೃಚ್ಛಿಕ ಸಂಖ್ಯೆಯೇ ನಿರ್ಧರಿಸುವ ಉಪಾಯವನ್ನು ಕಂಡುಹಿಡಿದನು. ಕಣ್ಣಿಗೆ ಕಾಣುವ ಉರುಳೆಯಲ್ಲಿ ೨೨ ನಿಲ್ದಾಣಗಳಿದ್ದರೆ, ಯಂತ್ರದ ಒಳಗಿನ ಕಲ್ಪಿತ ಉರುಳೆಯಲ್ಲಿ ೬೪ ಇರಬಹುದು. ಬಹುಮಾನದ ಚಿತ್ರಕ್ಕೆ ಆ ೬೪ರಲ್ಲಿ ಒಂದೇ ಒಂದು ಸ್ಥಾನ ಕೊಟ್ಟರೆ, ಮೂರು ಉರುಳೆಗಳಲ್ಲಿಯೂ ಅದು ಒಟ್ಟಿಗೆ ಬರುವ ಸಂಭವ ೨,೬೨,೧೪೪ರಲ್ಲಿ ಒಂದು. ಕಣ್ಣಿಗೆ ಕಾಣುವ ಉರುಳೆಯನ್ನು ನಂಬಿ ಎಣಿಸಿದವನಿಗೆ ಅದು ೧೦,೬೪೮ರಲ್ಲಿ ಒಂದೆಂದು ತೋರುತ್ತದೆ. ಅಂತರಜಾಲದ ಆಟದಲ್ಲಿಯಂತೂ ಉರುಳೆಯೆಂಬ ವಸ್ತುವೇ ಇಲ್ಲ. ಇರುವುದು ಅದರ ಚಿತ್ರ ಮಾತ್ರ. ಗುಂಡಿ ಒತ್ತಿದ ಕ್ಷಣದಲ್ಲಿಯೇ ಸೋಲುಗೆಲುವು ತೀರ್ಮಾನವಾಗಿ ಹೋಗಿರುತ್ತದೆ. ಆಮೇಲೆ ಸುತ್ತುವುದೆಲ್ಲ ಅಲಂಕಾರ. ಶಕುನಿಯ ದಾಳಗಳಾದರೂ ಧರ್ಮರಾಯನ ಕಣ್ಣೆದುರಿಗೆ ಹಾಸಿನ ಮೇಲೆ ಬಿದ್ದುವು.

ಎಣಿಸಲು ಏನೂ ಉಳಿಯದಿದ್ದಾಗ, ಎಣಿಸಿ ಹೇಳುವೆನೆನ್ನುವವನಿಗೆ ಬೆಲೆ ಬಂತು. ಸ್ಲಾಟ್ ವಿಮರ್ಶಕನ ವೃತ್ತಿಗೆ ಆಧಾರ ಇದೇ. ಅವನು ಎಣಿಸುವುದೇನನ್ನು?

ಪಟ್ಟಿಯ ಮೊದಲನೆಯ ಅಂಕಿ ಆರ್.ಟಿ.ಪಿ.; ಆಟಗಾರರು ಒಡ್ಡಿದ ಪಣದಲ್ಲಿ ನೂರಕ್ಕೆ ಎಷ್ಟು ಭಾಗ ಆಟಗಾರರಿಗೇ ಮರಳುವುದೆಂಬ ಮರಳಿಕೆಯ ಪ್ರಮಾಣ. ೨೦೧೨ರಲ್ಲಿ ಬಂದ ‘ಸ್ಟಾರ್‌ಬರ್ಸ್ಟ್’ ಎಂಬ ಪ್ರಸಿದ್ಧ ಆಟದಲ್ಲಿ ಇದು ೯೬.೦೯, ೨೦೧೬ರ ‘ಬುಕ್ ಆಫ್ ಡೆಡ್’ ಆಟದಲ್ಲಿ ೯೬.೨೧. ಅಮೆರಿಕದ ನೆವಾಡ ಸಂಸ್ಥಾನದ ನಿಯಮದಂತೆ ಯಂತ್ರವೊಂದು ಕನಿಷ್ಠ ೭೫ ಭಾಗವನ್ನು ಮರಳಿಸಿದರೆ ಸಾಕು, ನ್ಯೂಜೆರ್ಸಿಯಲ್ಲಿ ೮೩. ಇವುಗಳ ಪಕ್ಕದಲ್ಲಿಟ್ಟರೆ ೯೬ ಎಂಬುದು ಬಹು ಉದಾರವಾದ ಸಂಖ್ಯೆಯಾಗಿ ಕಾಣುತ್ತದೆ. ಶಾಲೆಯ ಮಕ್ಕಳಿಗೆ ೯೬ ಅಂಕ ಬಂದರೆ ಮನೆಯಲ್ಲಿ ಪಾಯಸ ಮಾಡುವುದುಂಟು. ವಿಮರ್ಶಕರೂ ಇದನ್ನು ಹಾಗೆಯೇ ಬರೆಯುತ್ತಾರೆ: ೯೬ಕ್ಕಿಂತ ಮೇಲಿದ್ದರೆ ‘ಉತ್ತಮ’, ೯೪ಕ್ಕಿಂತ ಕೆಳಗಿದ್ದರೆ ‘ಸಾಧಾರಣ’.

ಓದುಗನು ಮೋಸಹೋಗುವ ಸ್ಥಳ ಇದು. ನೂರು ಪೌಂಡು ಕೊಂಡುಹೋದರೆ ತೊಂಬತ್ತಾರು ಪೌಂಡು ಹಿಡಿದು ಮನೆಗೆ ಬರಬಹುದೆಂದು ಅವನು ಭಾವಿಸುತ್ತಾನೆ. ನಾಲ್ಕು ಪೌಂಡಿಗೆ ಒಂದು ಸಂಜೆಯ ವಿನೋದ ದುಬಾರಿಯೆಂದು ಯಾರು ಹೇಳಿಯಾರು! ಆದರೆ ೯೬ ಎಂಬುದು ಕೊಂಡುಹೋದ ಹಣದ ಮೇಲಿನ ಲೆಕ್ಕವಲ್ಲ. ಒಡ್ಡಿದ ಪಣದ ಮೇಲಿನ ಲೆಕ್ಕ. ಮರಳಿ ಬಂದ ಹಣವನ್ನು ಆಟಗಾರನು ಕಿಸೆಗೆ ಹಾಕಿಕೊಂಡು ಏಳುವುದಿಲ್ಲ, ಮತ್ತೆ ಒಡ್ಡುತ್ತಾನೆ. ನೂರು ಪೌಂಡು ಒಮ್ಮೆ ಪೂರ್ತಿಯಾಗಿ ಪಣಕ್ಕೆ ಹೋಗಿ ಬಂದಾಗ ಸರಾಸರಿಯಲ್ಲಿ ೯೬ ಆಗುತ್ತದೆ. ಆ ೯೬ ಇನ್ನೊಮ್ಮೆ ಹೋಗಿ ಬಂದರೆ ೯೨ರ ಆಸುಪಾಸು. ಹೀಗೆ ೧೭ ಸಲ ಹೋಗಿ ಬರುವಷ್ಟರಲ್ಲಿ ಉಳಿಯುವುದು ಐವತ್ತು. ಪೌಂಡಿಗೊಂದು ಸುತ್ತಿನಂತೆ ನೂರು ಸುತ್ತು ಆಡಲು ಚುರುಕಾದ ಕೈಗೆ ಐದು ನಿಮಿಷ ಸಾಕು. ಅರ್ಧ ಹಣ ಕರಗಲು ಸುಮಾರು ಒಂದು ಗಂಟೆ ಸಾಕು.

ಹಾಗಾದರೆ ಕೇಳಬೇಕಾದ ಪ್ರಶ್ನೆ, ಈ ಆಟ ಒಂದು ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತದೆ ಎಂಬುದು. ಈ ಲೆಕ್ಕಕ್ಕೆ ಮೂರು ಸಂಗತಿಗಳು ಬೇಕು: ಒಂದು ಸುತ್ತಿನ ಪಣ, ಗಂಟೆಯಲ್ಲಿ ಆಗುವ ಸುತ್ತುಗಳು, ನೂರಕ್ಕೆ ಮನೆಯವನು ಹಿಡಿದುಕೊಳ್ಳುವ ಪಾಲು. ನಿಮಿಷಕ್ಕೆ ಹತ್ತರಂತೆ ಸಾವಧಾನವಾಗಿ ಆಡಿದರೆ ಗಂಟೆಗೆ ೬೦೦ ಸುತ್ತು. ಒಂದು ಸುತ್ತಿಗೆ ಒಂದು ಪೌಂಡು, ಪಾಲು ನೂರಕ್ಕೆ ನಾಲ್ಕು; ಗಂಟೆಗೆ ೨೪ ಪೌಂಡು. ಎರಡೂವರೆ ಸೆಕೆಂಡಿಗೆ ಒಂದರಂತೆ ಆಡಿದರೆ ೧,೪೪೦ ಸುತ್ತು. ಗಂಟೆಗೆ ೫೭ ಪೌಂಡು ೬೦ ಪೆನ್ಸು. ಸಿನಿಮಾ ಟಿಕೆಟ್ಟಿನ ದರವನ್ನು ವಿಮರ್ಶಕನು ಬರೆಯುವುದಿಲ್ಲವೆಂದರೆ, ಅದು ಬಾಗಿಲಲ್ಲಿಯೇ ಬರೆದಿರುತ್ತದೆ. ಸ್ಲಾಟ್ ಆಟದ ದರ ಎಲ್ಲಿಯೂ ಬರೆದಿರುವುದಿಲ್ಲ. ಆದುದರಿಂದ ವಿಮರ್ಶಕನು ಹೇಳಲೇಬೇಕಾದ ಮೊದಲ ಮಾತು ಅದು. ಕಥಾವಸ್ತುವಿಗೆ, ಚಿತ್ರಕ್ಕೆ, ಸಂಗೀತಕ್ಕೆ ಪ್ರತ್ಯೇಕ ಅಂಕ ಕೊಡುವ ಪಟ್ಟಿಗಳಲ್ಲಿ ‘ಗಂಟೆಯ ವೆಚ್ಚ’ ಎಂಬ ಸಾಲು ಸಾಮಾನ್ಯವಾಗಿ ಇರುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕುಂಟು. ಒಂದೇ ಹೆಸರಿನ, ಒಂದೇ ಚಿತ್ರದ, ಒಂದೇ ಸಂಗೀತದ ಆಟವನ್ನು ತಯಾರಕರು ಬೇರೆ ಬೇರೆ ಮರಳಿಕೆಯ ಪ್ರತಿಗಳಾಗಿ ಕ್ಯಾಸಿನೊಗಳಿಗೆ ಒದಗಿಸುತ್ತಾರೆ. ಮೇಲೆ ಹೇಳಿದ ‘ಬುಕ್ ಆಫ್ ಡೆಡ್’ ೯೬.೨೧ರಲ್ಲಿ ಮಾತ್ರವಲ್ಲದೆ ೯೪.೨೫, ೯೧.೨೫, ೮೭.೨೫, ೮೪.೧೮ ಎಂಬ ಪ್ರಮಾಣಗಳಲ್ಲಿಯೂ ದೊರೆಯುತ್ತದೆ. ಯಾವ ಪ್ರತಿಯನ್ನು ಇಡಬೇಕೆಂಬುದು ಅಂಗಡಿಯವನ ಆಯ್ಕೆ. ಗಂಟೆಗೆ ೬೦೦ ಸುತ್ತಿನ ಅದೇ ಲೆಕ್ಕವನ್ನು ಇಲ್ಲಿ ಹಾಕಿದರೆ ಮೊದಲ ಪ್ರತಿಯಲ್ಲಿ ವೆಚ್ಚ ಸುಮಾರು ೨೩ ಪೌಂಡು. ಕೊನೆಯದರಲ್ಲಿ ಸುಮಾರು ೯೫. ಪರದೆಯ ಮೇಲೆ ಕಾಣುವ ಗೋರಿ ಅದೇ, ಗ್ರಂಥ ಅದೇ, ತಮಟೆ ಅದೇ. ವಿಮರ್ಶೆಯಲ್ಲಿ ಅಚ್ಚಾಗುವುದು ಬಹುಮಟ್ಟಿಗೆ ೯೬.೨೧. ವಿಮರ್ಶಕನು ಸುಳ್ಳು ಹೇಳಿದನೆನ್ನುವಂತಿಲ್ಲ. ತಯಾರಕರು ಕೊಟ್ಟ ವಿವರಪತ್ರದಲ್ಲಿ ಅದೇ ಅಂಕಿಯಿತ್ತು. ಆದರೆ ಅವನು ಗುಂಡಿ ಒತ್ತಿಸಿ ಕಳುಹಿಸುವ ಅಂಗಡಿಯಲ್ಲಿ ಯಾವ ಪ್ರತಿಯಿದೆಯೆಂದು ನೋಡುವ ಶ್ರಮವನ್ನು ತೆಗೆದುಕೊಳ್ಳುವವರು ಕೆಲವರೇ. ಬ್ರಿಟನ್ನಿನಲ್ಲಿ ಆಟದ ಸಹಾಯಪುಟದಲ್ಲಿ ನಿಜವಾದ ಅಂಕಿ ಆಟಗಾರನಿಗೆ ದೊರೆಯುವಂತಿರಬೇಕೆಂಬ ನಿಯಮವಿದೆ. ಹುಡುಕುವವನಿಗೆ ಅದು ಸಿಗುತ್ತದೆ.

ಎರಡನೆಯ ಅಂಕಿ ಏರಿಳಿತದ್ದು. ಮರಳಿಕೆ ಸಮನಾಗಿದ್ದರೂ ಎರಡು ಆಟಗಳ ನಡೆ ಬೇರೆ ಬೇರೆಯಾಗಿರಬಹುದು. ‘ಸ್ಟಾರ್‌ಬರ್ಸ್ಟ್’ ಜಿನುಗುವ ಮಳೆಯಂತೆ, ಆಗಾಗ ಚಿಕ್ಕ ಚಿಕ್ಕ ಗೆಲುವು. ಗರಿಷ್ಠ ಬಹುಮಾನ ಪಣದ ೫೦೦ ಪಟ್ಟು. ‘ಬುಕ್ ಆಫ್ ಡೆಡ್’ ದೀರ್ಘ ಕ್ಷಾಮದ ನಡುವೆ ಎಂದೋ ಬರುವ ಮಹಾಪೂರ. ಗರಿಷ್ಠ ೫,೦೦೦ ಪಟ್ಟು. ಈ ವಿಂಗಡಣೆ ಉಪಯುಕ್ತವೇ ಸರಿ, ವಿಮರ್ಶಕರು ಇದನ್ನು ಸಾಮಾನ್ಯವಾಗಿ ಚೆನ್ನಾಗಿಯೇ ವಿವರಿಸುತ್ತಾರೆ. ಆದರೆ ಐದು ಸಾವಿರ ಪಟ್ಟು ಎಂಬುದನ್ನು ದಪ್ಪಕ್ಷರದಲ್ಲಿ ಬರೆದು, ಅದು ಎಷ್ಟು ಸುತ್ತಿಗೊಮ್ಮೆ ಬರುವುದೆಂಬುದನ್ನು ಬಿಟ್ಟುಬಿಡುವುದು ವಾಡಿಕೆ. ೨೦೦೬ರಲ್ಲಿ ಬಂದ ‘ಮೆಗಾ ಮೂಲಾ’ ಎಂಬ ಆಟದಲ್ಲಿ ೨೦೧೫ರಲ್ಲಿ ಬ್ರಿಟಿಷ್ ಸೈನಿಕನೊಬ್ಬನು ೨೫ ಪೆನ್ಸಿನ ಸುತ್ತಿನಿಂದ ಒಂದು ಕೋಟಿ ಮೂವತ್ತೆರಡು ಲಕ್ಷ ಪೌಂಡು ಗೆದ್ದನು. ಆ ಆಟದ ಕುರಿತ ವಿಮರ್ಶೆಗಳಲ್ಲಿ ಈ ಕಥೆ ಪುರಾಣದ ಫಲಶ್ರುತಿಯಂತೆ ಬರುತ್ತದೆ. ಮಹಾಬಹುಮಾನದ ನಿಧಿಯನ್ನು ಬಿಟ್ಟರೆ ಅದರ ಮರಳಿಕೆ ೮೮ರ ಆಸುಪಾಸು ಎಂಬುದು ಫಲಶ್ರುತಿಯಲ್ಲಿ ಸೇರುವುದಿಲ್ಲ.

‘ಈ ಆಟವನ್ನು ಸ್ವತಃ ಸಾವಿರ ಸುತ್ತು ಆಡಿ ನೋಡಿ ಬರೆದದ್ದು’ ಎಂಬ ಮಾತು ಕೆಲವು ವಿಮರ್ಶೆಗಳ ತಲೆಯ ಮೇಲಿರುತ್ತದೆ. ಓದುಗನಿಗೆ ಗೌರವ ಹುಟ್ಟುತ್ತದೆ. ಸಾವಿರ ಸುತ್ತೆಂದರೆ ಸಾಮಾನ್ಯವೇ? ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಏರಿಳಿತ ಹೆಚ್ಚಾಗಿರುವ ಆಟವೊಂದರಲ್ಲಿ ಒಂದು ಸುತ್ತಿನ ಮಾನಕ ವಿಚಲನೆ ಪಣದ ಹತ್ತು ಪಟ್ಟು ಎಂದು ಇಟ್ಟುಕೊಂಡರೆ, ಸಾವಿರ ಸುತ್ತಿನ ನಂತರವೂ ಅಳೆದ ಮರಳಿಕೆಯಲ್ಲಿ ನೂರಕ್ಕೆ ೩೨ರಷ್ಟು ಆಚೀಚೆಯಾಗುವುದು ಸಹಜ. ೯೬ರ ಆಟ ಒಬ್ಬ ವಿಮರ್ಶಕನಿಗೆ ೬೪ ಆಗಿ, ಇನ್ನೊಬ್ಬನಿಗೆ ೧೨೮ ಆಗಿ ಕಾಣಬಹುದು. ಮೊದಲನೆಯವನು ‘ಜಿಪುಣ ಆಟ’ವೆಂದೂ ಎರಡನೆಯವನು ‘ಕೊಡುಗೈ ಆಟ’ವೆಂದೂ ಬರೆದರೆ ಇಬ್ಬರೂ ಪ್ರಾಮಾಣಿಕರೇ, ಇಬ್ಬರ ಮಾತೂ ನಿರುಪಯೋಗವೇ. ಒಂದು ಅಂಶದಷ್ಟು ನಿಖರವಾಗಿ ಅಳೆಯಬೇಕಾದರೆ ಹತ್ತು ಲಕ್ಷ ಸುತ್ತು ಬೇಕು. ಎರಡೂವರೆ ಸೆಕೆಂಡಿಗೊಂದರಂತೆ ಹಗಲಿರುಳು ಊಟ ನಿದ್ರೆ ಬಿಟ್ಟು ಆಡಿದರೆ ಇಪ್ಪತ್ತೊಂಬತ್ತು ದಿನ ಹಿಡಿಯುತ್ತದೆ. ಅಂತಹ ತಪಸ್ಸನ್ನು ಮಾಡಿ ಬರೆಯುವ ವಿಮರ್ಶಕನು ಎಲ್ಲಿದ್ದಾನೆ?

ಈ ಕೆಲಸವನ್ನು ಮಾಡುವವರು ಬೇರೆಯೇ ಇದ್ದಾರೆ. ೧೯೮೯ರಲ್ಲಿ ಅಮೆರಿಕದಲ್ಲಿ ಆರಂಭವಾದ ಗೇಮಿಂಗ್ ಲ್ಯಾಬೊರೇಟರೀಸ್ ಇಂಟರ್‌ನ್ಯಾಷನಲ್, ೨೦೦೩ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಇಕೋಗ್ರಾ ಮುಂತಾದ ಪರೀಕ್ಷಾಸಂಸ್ಥೆಗಳು ಆಟದ ಗಣಿತಪತ್ರವನ್ನೂ ಸಂಖ್ಯಾಜನಕವನ್ನೂ ಕಂಪ್ಯೂಟರಿನ ನೆರವಿನಿಂದ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತವೆ. ಅವುಗಳ ಮುದ್ರೆಯನ್ನು ವಿಮರ್ಶೆಯ ಪುಟದಲ್ಲಿ ನಕ್ಷತ್ರಗಳ ಪಕ್ಕದಲ್ಲಿಯೇ ಹಾಕಿರುತ್ತಾರೆ. ಆದರೆ ಆ ಮುದ್ರೆಯ ಅರ್ಥ ಸೀಮಿತವಾದದ್ದು. ದಿನಸಿ ಅಂಗಡಿಯ ತೂಕದ ಬಟ್ಟಿಗೆ ಸರ್ಕಾರದ ಮುದ್ರೆಯಿದ್ದರೆ ಬಟ್ಟು ಸರಿಯಾಗಿದೆಯೆಂದಷ್ಟೇ ತಿಳಿಯಬೇಕು. ಅಕ್ಕಿ ಅಗ್ಗವೆಂದೂ ಅಲ್ಲ, ಕೊಳ್ಳುವುದು ಮೇಲೆಂದೂ ಅಲ್ಲ. ಆಟ ಹೇಳಿದ ಪ್ರಮಾಣದಲ್ಲಿಯೇ ಹಣವನ್ನು ಹಿಡಿದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅಲ್ಲ ಎಂಬುದೇ ಪರೀಕ್ಷಕರ ಭರವಸೆ.

ಇನ್ನು ಗುಣವಿಮರ್ಶೆಯ ಮಾತು. ಯಾವ ಗುಣಗಳಿಗೆ ನಕ್ಷತ್ರ ದೊರೆಯುತ್ತದೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ‘ಬಿಟ್ಟೇಳಲು ಮನಸ್ಸಾಗದ ಆಟ’ ಎಂಬುದು ದೊಡ್ಡ ಪ್ರಶಂಸೆ. ಕಾದಂಬರಿಗೆ ಇದು ಪ್ರಶಂಸೆಯೇ ಹೌದು. ವಾರಪತ್ರಿಕೆಯ ಧಾರಾವಾಹಿಯನ್ನು ಓದುವವರಿಗೆ ಅದು ಬಲ್ಲ ಸುಖ. ಆದರೆ ಕಾದಂಬರಿಗೆ ಕೊನೆಯ ಪುಟವುಂಟು. ಅಮೆರಿಕದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ಲಾಸ್ ವೇಗಾಸಿನ ಯಂತ್ರಜೂಜುಗಾರರ ನಡುವೆ ದೀರ್ಘಕಾಲ ಅಧ್ಯಯನ ನಡೆಸಿ ೨೦೧೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಲವರು ಗೆಲ್ಲುವ ಆಸೆಗಿಂತಲೂ ಹೆಚ್ಚಾಗಿ, ಹೊತ್ತು ಊಟ ಮನೆ ಮಠ ಎಲ್ಲವೂ ಮರೆತುಹೋಗುವ ಒಂದು ಮೈಮರೆವಿಗಾಗಿಯೇ ಆಡುತ್ತಾರೆಂದು ವಿವರಿಸಿದ್ದಾರೆ. ಆ ಮೈಮರೆವನ್ನು ಉಂಟುಮಾಡುವುದೇ ಯಂತ್ರದ ವಿನ್ಯಾಸದ ಗುರಿಯಾಗಿದೆಯೆಂಬುದು ಅವರ ವಾದ. ವಿಮರ್ಶಕನು ಅದನ್ನೇ ‘ತಲ್ಲೀನಗೊಳಿಸುವ ಗುಣ’ವೆಂದು ಕರೆದು ಅರ್ಧ ನಕ್ಷತ್ರ ಹೆಚ್ಚು ಕೊಡುತ್ತಾನೆ.

‘ಗೆಲುವು ಆಗಾಗ ಬರುತ್ತದೆ’ ಎಂಬುದು ಇನ್ನೊಂದು ಮೆಚ್ಚುಗೆ. ಇಪ್ಪತ್ತು ಸಾಲುಗಳ ಮೇಲೆ ಐದೈದು ಪೆನ್ಸಿನಂತೆ ಒಂದು ಪೌಂಡು ಒಡ್ಡಿದವನಿಗೆ ಒಂದು ಸಾಲಿನಲ್ಲಿ ೩೦ ಪೆನ್ಸು ಬಂತೆಂದು ಇಟ್ಟುಕೊಳ್ಳಿ. ಗಂಟೆ ಬಾರಿಸುತ್ತದೆ, ದೀಪ ಮಿನುಗುತ್ತದೆ, ಪರದೆಯ ಮೇಲೆ ನಾಣ್ಯಗಳು ಸುರಿಯುತ್ತವೆ. ಕಳೆದುಕೊಂಡದ್ದು ೭೦ ಪೆನ್ಸು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಮೈಕ್ ಡಿಕ್ಸನ್, ಕೆವಿನ್ ಹ್ಯಾರಿಗನ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಟಗಾರರ ಚರ್ಮದ ಬೆವರಿನ ವ್ಯತ್ಯಾಸವನ್ನು ಅಳೆದು ನೋಡಿದರು. ಇಂತಹ ಗೆಲುವಿನ ವೇಷದ ಸೋಲಿಗೆ ದೇಹವು ಸೋಲಿಗೆ ಪ್ರತಿಕ್ರಿಯಿಸುವಂತಲ್ಲದೆ ಗೆಲುವಿಗೆ ಪ್ರತಿಕ್ರಿಯಿಸುವಂತೆಯೇ ಪುಲಕಿತವಾಗುತ್ತದೆಂದು ಕಂಡುಬಂತು. ಅದಕ್ಕೆ ಒಂದು ವರ್ಷ ಮೊದಲು ಕೇಂಬ್ರಿಜ್ಜಿನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು, ‘ಕೂದಲೆಳೆಯಲ್ಲಿ ತಪ್ಪಿತು’ ಎನಿಸುವ ಸೋಲು ಸಹ ಮೆದುಳಿನಲ್ಲಿ ಗೆಲುವಿಗೆ ಸಂಬಂಧಿಸಿದ ಭಾಗಗಳನ್ನೇ ಎಚ್ಚರಿಸುತ್ತದೆಂದು ತೋರಿಸಿದ್ದರು. ವಿಮರ್ಶೆಯ ಪಟ್ಟಿಯಲ್ಲಿ ‘ಮೂರು ಸುತ್ತಿಗೊಂದು ಗೆಲುವು’ ಎಂದಿದ್ದರೆ, ಆ ಗೆಲುವುಗಳಲ್ಲಿ ವೇಷದವು ಎಷ್ಟೆಂದು ಕೇಳದೆ ಬಿಡುವಂತಿಲ್ಲ. ಬ್ರಿಟನ್ನಿನ ಜೂಜು ಆಯೋಗವು ೨೦೨೧ರ ಅಕ್ಟೋಬರ್ ೩೧ರಿಂದ, ಪಣಕ್ಕಿಂತ ಹೆಚ್ಚಿಲ್ಲದ ಮರಳಿಕೆಗೆ ಗೆಲುವಿನ ಸಂಭ್ರಮ ಮಾಡುವುದನ್ನೂ, ತಾನೇ ಸುತ್ತುತ್ತಿರುವ ಸ್ವಯಂಚಾಲಿತ ಆಟವನ್ನೂ, ಎರಡೂವರೆ ಸೆಕೆಂಡಿಗಿಂತ ವೇಗವಾದ ಸುತ್ತನ್ನೂ ನಿಷೇಧಿಸಿತು. ಅದಕ್ಕೆ ಮುಂಚೆ ಈ ಮೂರನ್ನೂ ವಿಮರ್ಶಕರು ಆಟಗಾರನ ಅನುಕೂಲಗಳ ಪಟ್ಟಿಯಲ್ಲಿ ಸೇರಿಸಿ ಬರೆಯುತ್ತಿದ್ದುದುಂಟು.

ಈಗ ಆ ಗುಂಡಿಯ ವಿಷಯ. ವಿಮರ್ಶೆ ಓದಲು ಓದುಗನು ಕಾಸು ಕೊಡುವುದಿಲ್ಲ. ವಿಮರ್ಶಕನ ಸಂಸಾರ ನಡೆಯುವುದು ಕ್ಯಾಸಿನೊ ಕೊಡುವ ದಲ್ಲಾಳಿಯಿಂದ. ಗುಂಡಿ ಒತ್ತಿ ಹೋದ ಓದುಗನು ಖಾತೆ ತೆರೆದು ಹಣ ಕಟ್ಟಿದರೆ ತಲೆಗೆ ಇಷ್ಟೆಂದು ಒಮ್ಮೆ ಕೊಡುವುದು ಒಂದು ಪದ್ಧತಿ. ಇನ್ನೊಂದು ಪದ್ಧತಿಯಲ್ಲಿ, ಆ ಓದುಗನಿಂದ ಕ್ಯಾಸಿನೊಗೆ ಬರುವ ನಿವ್ವಳ ಆದಾಯದಲ್ಲಿ ವಿಮರ್ಶಕನಿಗೆ ನೂರಕ್ಕೆ ಇಷ್ಟು ಪಾಲು. ಅನೇಕ ಒಪ್ಪಂದಗಳಲ್ಲಿ ಅವನು ಆಡುವವರೆಗೂ ಈ ಪಾಲು ಬರುತ್ತಲೇ ಇರುತ್ತದೆ. ಕ್ಯಾಸಿನೊದ ಆದಾಯವೆಂದರೆ ಓದುಗನ ನಷ್ಟವಲ್ಲದೆ ಮತ್ತೇನೂ ಅಲ್ಲ. ಮದುವೆಯ ದಲ್ಲಾಳಿ ವರನ ಗುಣವನ್ನು ಒಂದಕ್ಕೆರಡು ಮಾಡಿ ಹೇಳಿಯಾನು. ಆದರೆ ಮದುವೆಯಾದ ಮೇಲೆ ಮನೆಯಲ್ಲಿ ನಡೆಯುವ ಪ್ರತಿ ಜಗಳಕ್ಕೂ ಅವನಿಗೆ ಕಮಿಷನ್ ಬರುವ ಏರ್ಪಾಡು ಎಲ್ಲಿಯೂ ಇಲ್ಲ. ಇಲ್ಲಿ ಉಂಟು. ಹೀಗಿದ್ದೂ ಕೆಲವರು ನ್ಯಾಯವಾಗಿ ಬರೆಯುತ್ತಾರೆ, ದಲ್ಲಾಳಿ ಪಡೆಯುವ ಸಂಗತಿಯನ್ನು ಪುಟದ ತಲೆಯ ಮೇಲೆಯೇ ಹೇಳುತ್ತಾರೆ, ಕಡಮೆ ಮರಳಿಕೆಯ ಪ್ರತಿ ಇಟ್ಟಿರುವ ಅಂಗಡಿಗಳನ್ನು ಹೆಸರಿಸುತ್ತಾರೆ. ಅವರನ್ನು ಉಳಿದವರೊಡನೆ ಒಂದೇ ಗಾಣಕ್ಕೆ ಕಟ್ಟುವುದು ಸರಿಯಲ್ಲ.

ಉಳಿದವರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ೨೦೧೭ರಲ್ಲಿ ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರದ ಮುಂದೆ ಬಂದ ಪ್ರಕರಣವೇ ಸಾಕು. ಸಾಲದಲ್ಲಿ ಮುಳುಗಿದ, ಹೆಂಡತಿ ಕಾಯಿಲೆ ಬಿದ್ದಿದ್ದ ಗೃಹಸ್ಥನೊಬ್ಬನು ಅಂತರಜಾಲದ ಸ್ಲಾಟ್ ಆಟದಲ್ಲಿ ದೊಡ್ಡ ಮೊತ್ತ ಗೆದ್ದು ಋಣಮುಕ್ತನಾದನೆಂಬ ಬರಹವನ್ನು ವೃತ್ತಪತ್ರಿಕೆಯ ವರದಿಯ ರೂಪದಲ್ಲಿ ಸಿದ್ಧಪಡಿಸಿ, ಅದರೊಳಗೆ ಕ್ಯಾಸಿನೊಗಳ ಕೊಂಡಿಯನ್ನು ಇಡಲಾಗಿತ್ತು. ಬರೆದವರು ದಲ್ಲಾಳಿಗಳು. ತಮಗೆ ಗೊತ್ತಿಲ್ಲದೆ ನಡೆದದ್ದೆಂದು ಜೂಜು ಸಂಸ್ಥೆಗಳು ಹೇಳಿದರೂ ಪ್ರಾಧಿಕಾರವು ಒಪ್ಪಲಿಲ್ಲ. ಜೂಜನ್ನು ಹಣದ ಕಷ್ಟಕ್ಕೆ ಪರಿಹಾರವೆಂಬಂತೆ ತೋರಿಸಿದ್ದು ಬೇಜವಾಬ್ದಾರಿಯೆಂದು ನಾಲ್ಕು ಸಂಸ್ಥೆಗಳ ವಿರುದ್ಧ ತೀರ್ಪು ಕೊಟ್ಟಿತು. ಆಡುತ್ತಲೇ ವಿಮರ್ಶಿಸಿ ಸಾವಿರಾರು ಮಂದಿಗೆ ನೇರವಾಗಿ ತೋರಿಸುವ ಹೊಸ ಬಗೆಯ ವಿಮರ್ಶಕರೂ ಈಚೆಗೆ ಹುಟ್ಟಿಕೊಂಡರು. ಅವರಲ್ಲಿ ಕೆಲವರು ಪಣವಾಗಿ ಒಡ್ಡುವುದು ಕ್ಯಾಸಿನೊದ್ದೇ ಹಣ. ಸೋಲಿನ ನೋವು ಅವರ ಮುಖದಲ್ಲಿ ಕಾಣದಿರುವುದು ಸಹಜವೇ. ಟ್ವಿಚ್ ಎಂಬ ಪ್ರಸಾರವೇದಿಕೆ ೨೦೨೨ರ ಅಕ್ಟೋಬರಿನಲ್ಲಿ, ತಕ್ಕ ಪರವಾನಿಗೆಯಿಲ್ಲದ ಸ್ಲಾಟ್ ತಾಣಗಳ ಪ್ರದರ್ಶನಕ್ಕೆ ತಡೆಹಾಕಿತು.

ಸ್ವಾಗತದ ಉಡುಗೊರೆಗೂ ವಿಮರ್ಶೆಯಲ್ಲಿ ಅಂಕವುಂಟು. ನೂರು ಪೌಂಡು ಉಚಿತವೆಂದು ಬರೆದಿರುತ್ತದೆ. ಆದರೆ ಅದನ್ನು ಹೊರಗೆ ತೆಗೆಯಬೇಕಾದರೆ ಮೊದಲು ಅದರ ೩೫ ಪಟ್ಟು ಪಣ ಒಡ್ಡಿರಬೇಕೆಂಬಂತಹ ಷರತ್ತು ಕೆಳಗೆ ಚಿಕ್ಕ ಅಕ್ಷರದಲ್ಲಿರುತ್ತದೆ. ೩,೫೦೦ ಪೌಂಡಿನ ಪಣಕ್ಕೆ ನೂರಕ್ಕೆ ನಾಲ್ಕರಂತೆ ಸರಾಸರಿ ನಷ್ಟ ೧೪೦. ನೂರರ ಉಡುಗೊರೆ ಪಡೆಯಲು ನೂರ ನಲವತ್ತರ ಖರ್ಚು. ಈ ಪಟ್ಟು ಹತ್ತನ್ನು ಮೀರಕೂಡದೆಂದು ಬ್ರಿಟನ್ನಿನ ಆಯೋಗವು ೨೦೨೫ರಲ್ಲಿ ನಿರ್ಧಾರ ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್ ೯ರಿಂದ ಅಲ್ಲಿ ಒಂದು ಸುತ್ತಿನ ಪಣಕ್ಕೂ ಮೊದಲ ಬಾರಿಗೆ ಕಾಯಿದೆಯ ಮಿತಿ ಬಂತು: ಇಪ್ಪತ್ತೈದು ತುಂಬಿದವರಿಗೆ ಐದು ಪೌಂಡು, ಮೇ ೨೧ರಿಂದ, ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗಿನವರಿಗೆ ಎರಡು ಪೌಂಡು. ಮಿತಿಯೊಳಗೇ ಇದ್ದು, ಅನುಮತಿಯಿರುವಷ್ಟು ವೇಗದಲ್ಲಿ, ೯೬ರ ‘ಉತ್ತಮ’ ಆಟವನ್ನು ಐದು ಪೌಂಡಿನಂತೆ ಆಡಿದರೆ ಗಂಟೆಯ ಸರಾಸರಿ ವೆಚ್ಚ ೨೮೮ ಪೌಂಡು.

ಭಾರತದಲ್ಲಿ ಸಂಗತಿ ಬೇರೆ ದಾರಿ ಹಿಡಿದಿದೆ. ಕರ್ನಾಟಕವು ೨೦೨೧ರಲ್ಲಿ ಪೋಲೀಸು ಕಾಯಿದೆಗೆ ತಿದ್ದುಪಡಿ ತಂದು ಪಣದ ಅಂತರಜಾಲ ಆಟಗಳನ್ನು ನಿಷೇಧಿಸಿತ್ತು. ೨೦೨೨ರ ಫೆಬ್ರವರಿ ೧೪ರಂದು ರಾಜ್ಯದ ಉಚ್ಚ ನ್ಯಾಯಾಲಯವು ಅದರ ಮುಖ್ಯ ವಿಧಿಗಳನ್ನು ರದ್ದುಪಡಿಸಿತು. ಬಳಿಕ ಕೇಂದ್ರ ಶಾಸನಸಭೆ ಅಂಗೀಕರಿಸಿದ ಅಂತರಜಾಲ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆಗೆ ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಆಟವನ್ನು ನಡೆಸುವುದಕ್ಕೆ ಮಾತ್ರವಲ್ಲದೆ ಅದರ ಜಾಹೀರಾತಿಗೂ ಆ ಕಾಯಿದೆಯಲ್ಲಿ ಶಿಕ್ಷೆಯುಂಟು: ಎರಡು ವರ್ಷದವರೆಗೆ ಸೆರೆ, ಐವತ್ತು ಲಕ್ಷ ರೂಪಾಯಿಯವರೆಗೆ ದಂಡ. ಆದರೆ ಹೊರದೇಶದಲ್ಲಿ ಕುಳಿತು ಬರೆದ ವಿಮರ್ಶೆಯನ್ನು ಓದಲು ಸಾಮಾನ್ಯವಾಗಿ ವಯಸ್ಸಿನ ಪುರಾವೆಯನ್ನಾಗಲಿ ಊರಿನ ಪುರಾವೆಯನ್ನಾಗಲಿ ಯಾರೂ ಕೇಳುವುದಿಲ್ಲ. ಮನೆಯ ಹುಡುಗನೊಬ್ಬನು ಅದನ್ನು ಓದಿ ‘ನೂರಕ್ಕೆ ತೊಂಬತ್ತಾರು ವಾಪಸು ಬರುತ್ತದಂತೆ’ ಎಂದು ಹೇಳಿದರೆ, ಗದರುವುದಕ್ಕೆ ಮೊದಲು ಒಂದು ಹಾಳೆ ಕೊಟ್ಟು, ನೂರನ್ನು ೦.೯೬ರಿಂದ ಹದಿನೇಳು ಸಲ ಗುಣಿಸಲು ಹೇಳಬಹುದು.